ಪ್ರವಾಹಕ್ಕೆ ಮುನ್ನ ಕೊಟ್ಟಿಗೆಯ ಸಿದ್ಧತೆ

ಆರೋಗ್ಯದ ಪುಟಗಳಲ್ಲಿ ದನಕರುಗಳ ವಿಚಾರವೇಕೆ ಎಂದು ಕೆಲವು ಸದ್ಭಕ್ತರಿಗೆ ಅನಿಸಬಹುದು. ಒಕ್ಕಲುತನವನ್ನು ನಂಬಿದ ಮನೆಯಲ್ಲಿ ಮನುಷ್ಯರ ಆರೋಗ್ಯ ಬೇರೆ, ಕೊಟ್ಟಿಗೆಯ ಆರೋಗ್ಯ ಬೇರೆ ಎಂಬುದಿಲ್ಲ. ಪ್ರವಾಹ ಇಳಿದ ವಾರಗಳಲ್ಲಿ ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಜ್ವರ, ಭೇದಿ, ತುರಿಕೆಗಳಿಂದ ಬಳಲುವವರ ಜೊತೆಗೆ ನಿದ್ರೆ ಬಾರದವರು, ಅನ್ನ ಸೇರದವರು, ಎದೆ ಭಾರವೆನ್ನುವವರು ಇರುತ್ತಾರೆ. ನಾಡಿ ಹಿಡಿದು ನಿಧಾನವಾಗಿ ಮಾತನಾಡಿಸಿದರೆ ಕೊನೆಗೆ ಹೊರಬರುವುದು ಎತ್ತಿನ ಮಾತು, ಈದ ಆಕಳಿನ ಮಾತು. ಆ ವ್ಯಥೆಗೆ ಯಾವ ಕಷಾಯವೂ ಪೂರ್ಣ ಪರಿಹಾರವಲ್ಲ. ಅದನ್ನು ಬಾರದಂತೆ ತಡೆಯುವುದೇ ಸರಿಯಾದ ಚಿಕಿತ್ಸೆ.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನು, ಅಂದರೆ ಇಡೀ ನಾಡನ್ನೇ ಒಮ್ಮೆಗೆ ಬಾಧಿಸುವ ವಿಪತ್ತನ್ನು ವಿವರಿಸುತ್ತದೆ. ವಾಯು, ಉದಕ, ದೇಶ, ಕಾಲ ಎಂಬ ನಾಲ್ಕೂ ಕೆಟ್ಟಾಗ ಭಿನ್ನ ಪ್ರಕೃತಿಯ ಜನರೂ ಒಂದೇ ಕಾಲಕ್ಕೆ ರೋಗಕ್ಕೆ ತುತ್ತಾಗುತ್ತಾರೆಂಬುದು ಅಲ್ಲಿನ ವಿವೇಚನೆ. ಅದೇ ಪ್ರಸಂಗದಲ್ಲಿ ಆತ್ರೇಯರು ಶಿಷ್ಯನಾದ ಅಗ್ನಿವೇಶನಿಗೆ ಒಂದು ವ್ಯಾವಹಾರಿಕ ಸೂಚನೆಯನ್ನೂ ಕೊಡುತ್ತಾರೆ: ಭೂಮಿ ಸಾರಹೀನವಾಗುವ ಮೊದಲೇ ಔಷಧಿಗಳನ್ನು ಸಂಗ್ರಹಿಸಿಡಬೇಕು. ವಿಪತ್ತು ಬಂದ ಮೇಲೆ ಮಾಡುವ ಕೆಲಸ ಬಹಳ ಕಡಿಮೆ, ಬರುವ ಮೊದಲು ಮಾಡುವ ಕೆಲಸವೇ ಹೆಚ್ಚು. ಬಾಯಾರಿದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವುದೂ ಇದನ್ನೇ.

ನದಿ ಕೊಡುವ ಸಮಯ

ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಊರುಗಳಿಗೆ ಪ್ರವಾಹ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ, 2019ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿ ಹಾಗೂ ಬಾಗಲಕೋಟೆ ಜಿಲ್ಲೆಗಳನ್ನು ಮುಳುಗಿಸಿದ ನೀರು, 2020ರ ಅಕ್ಟೋಬರ್‌ನಲ್ಲಿ ಕಲಬುರಗಿ ಭಾಗದ ಭೀಮಾತೀರವನ್ನು ಆವರಿಸಿದ ನೀರು, ಇವು ಓದುಗರ ನೆನಪಿನಲ್ಲಿ ಹಸಿಯಾಗಿಯೇ ಇವೆ.

ಈ ನದಿಗಳ ಪ್ರವಾಹಕ್ಕೆ ಒಂದು ವಿಶೇಷ ಗುಣವಿದೆ. ಕೃಷ್ಣೆಯ ನೀರಿನ ಮೂಲ ಸಹ್ಯಾದ್ರಿಯ ಮಳೆ. ಮಹಾರಾಷ್ಟ್ರದ ಕೊಯ್ನಾ ಮೊದಲಾದ ಜಲಾಶಯಗಳು ತುಂಬಿ ನೀರು ಹೊರಬಿಟ್ಟ ಮೇಲೆ ಅದು ಹರಿದು ನಮ್ಮ ಊರುಗಳನ್ನು ಮುಟ್ಟಲು ಕಾಲ ಹಿಡಿಯುತ್ತದೆ. ಭೀಮೆಗೆ ಉಜನಿ ಜಲಾಶಯ, ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಹೀಗೆ ಪ್ರತಿಯೊಂದು ನದಿಗೂ ಮೇಲೊಂದು ಬಾಗಿಲಿದೆ. ಆದ್ದರಿಂದ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ನದಿಯಲ್ಲಿ ನೀರು ಏರುವುದುಂಟು. ಆಕಾಶ ನೋಡಿ ನೆಮ್ಮದಿಯಿಂದ ಕೂರುವುದು ತಪ್ಪು. ಮೇಲಿನ ಜಲಾಶಯದ ಹೊರಹರಿವಿನ ಸುದ್ದಿಯನ್ನು ಕೇಳಿ ನಿರ್ಧರಿಸುವುದು ಸರಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಲ್ಲಿಯವರಿಗೆ ಇಂಥ ಅವಕಾಶವಿರಲಿಲ್ಲ. ಬಯಲುಸೀಮೆಯ ನದಿ ನಮಗೆ ಕೆಲವು ಗಂಟೆಗಳನ್ನಾದರೂ, ಅನೇಕ ಸಲ ಒಂದೆರಡು ದಿನಗಳನ್ನಾದರೂ ಕೊಡುತ್ತದೆ. ಹಾಗಿದ್ದೂ ದನಗಳು ಸಾಯುತ್ತವೆ. ಏಕೆಂದರೆ ಆ ಗಂಟೆಗಳು ‘ಈ ಸಲ ಇಲ್ಲಿಯತನಕ ಬರಲಿಕ್ಕಿಲ್ಲ’ ಎಂಬ ಮಾತಿನಲ್ಲಿಯೂ, ‘ಎಲ್ಲಿಗೆ ಒಯ್ಯುವುದು’ ಎಂಬ ಚಿಂತೆಯಲ್ಲಿಯೂ ಕಳೆದುಹೋಗುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ದೋಣಿ ಬಂದು ನಿಂತರೂ ‘ದನ ಬಿಟ್ಟು ಹೇಗೆ ಬರಲಿ’ ಎಂದು ಮನೆಯ ಹಿರಿಯರು ಹಿಂದೆ ಉಳಿಯುತ್ತಾರೆ, ಇಲ್ಲವೆ ಸುರಕ್ಷಿತ ಸ್ಥಳ ಸೇರಿದವರು ಮೇವು ಹಾಕಲೆಂದು ನೀರಿನಲ್ಲಿ ಮರಳಿ ಹೋಗುತ್ತಾರೆ. ಈ ಮಮತೆ ನಮ್ಮ ನಾಡಿನದಷ್ಟೇ ಅಲ್ಲ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬೀಸಿದಾಗ ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಲ್ಲದೆ ಅನೇಕರು ಮನೆಯಲ್ಲಿಯೇ ಉಳಿದರು. ಮರುವರ್ಷ ಆ ದೇಶವು ಜನರನ್ನು ಸ್ಥಳಾಂತರಿಸುವ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಕಾನೂನನ್ನೇ ಮಾಡಿತು. ಕೊಟ್ಟಿಗೆಗೆ ಮೊದಲೇ ವ್ಯವಸ್ಥೆಯಾಗಿದ್ದರೆ ಮನೆಯವರ ಪ್ರಾಣವೂ ಉಳಿಯುತ್ತದೆ. ಈ ಲೇಖನದ ಮುಖ್ಯ ಮಾತು ಇದು.

ಹಗ್ಗ ಮತ್ತು ಗೂಟ

ಆಕಳು, ಎತ್ತು, ಎಮ್ಮೆಗಳು ಸ್ವಭಾವತಃ ಈಜಬಲ್ಲವು. ಕಟ್ಟಿದ ದನಕ್ಕೆ ಮಾತ್ರ ಆ ಶಕ್ತಿಯಿಂದ ಪ್ರಯೋಜನವಿಲ್ಲ. ಕಣ್ಣಿಯ ಉದ್ದಕ್ಕಿಂತ ನೀರು ಮೇಲೇರಿದೊಡನೆ ಅದು ಗೂಟದಲ್ಲಿಯೇ ಮುಳುಗುತ್ತದೆ. ಆದ್ದರಿಂದ ಸಿದ್ಧತೆಯ ಮೊದಲ ಹೆಜ್ಜೆ ಹಗ್ಗ.

ಕೊರಳಿನ ಗಂಟು ಬಿಗಿಯಾಗಬಾರದು, ಗೂಟದ ಗಂಟು ಸುಲಭವಾಗಿ ಬಿಚ್ಚಬೇಕು. ಒಂದು ತುದಿಯನ್ನು ಎಳೆದೊಡನೆ ಬಿಚ್ಚಿಕೊಳ್ಳುವ ಜೀರುಗುಣಿಕೆಯನ್ನು ಮಳೆಗಾಲದುದ್ದಕ್ಕೂ ಗೂಟಕ್ಕೆ ಹಾಕುವುದು ಒಳ್ಳೆಯ ರೂಢಿ. ಕಬ್ಬಿಣದ ಸರಪಳಿ, ಬೀಗ, ತಂತಿಗಳಿಂದ ಕಟ್ಟುವುದು ಆಪತ್ತಿಗೆ ದಾರಿ. ನೂಲಿನ ಹಗ್ಗ ನೆನೆದರೆ ಗಂಟು ಬಿಗಿದುಕೊಳ್ಳುವುದರಿಂದ ಕೊಟ್ಟಿಗೆಯ ಕಂಬಕ್ಕೆ ಕೈಗೆಟಕುವ ಎತ್ತರದಲ್ಲಿ ಒಂದು ಕುಡುಗೋಲನ್ನು ಸದಾ ಸಿಕ್ಕಿಸಿಟ್ಟಿರಬೇಕು. ಗಂಟು ಬಿಚ್ಚುವುದನ್ನು ಮನೆಯ ಹೆಣ್ಣುಮಕ್ಕಳಿಗೂ ಬೆಳೆದ ಮಕ್ಕಳಿಗೂ ಕಲಿಸಿರಬೇಕು. ಗಂಡಸರು ಪೇಟೆಗೆ ಹೋದ ದಿನವೂ ನೀರು ಬರಬಹುದು.

ಸಾಗಿಸಲು ಸಾಧ್ಯವೇ ಇಲ್ಲದ ಕಡೆಯ ಗಳಿಗೆಯಲ್ಲಿ ದನಗಳನ್ನು ಬಿಚ್ಚಿ, ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದು, ಎತ್ತರದ ಕಡೆಗೆ ಅಟ್ಟಬೇಕು. ಕೊರಳಿನ ಹಗ್ಗ ಜೋತಾಡಿ ಮುಳ್ಳುಕಂಟಿಗೆ ಸಿಕ್ಕಿಕೊಳ್ಳದಂತೆ ತೆಗೆದುಹಾಕಬೇಕು. ದನದ ಹಗ್ಗವನ್ನು ಸೊಂಟಕ್ಕೋ ಕೈಗೋ ಸುತ್ತಿಕೊಂಡು ಹರಿಯುವ ನೀರಿಗೆ ಯಾರೂ ಇಳಿಯಬಾರದು. ಬೆದರಿದ ಎತ್ತಿನ ಬಲದೆದುರು ಮನುಷ್ಯನ ಬಲ ನಿಲ್ಲದು.

ಮೊದಲೇ ಗೊತ್ತುಮಾಡಬೇಕಾದ ನಾಲ್ಕು ಸಂಗತಿಗಳು

ಒಂದು, ಸ್ಥಳ. ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಪ್ರತಿ ಊರಿನ ಹಿರಿಯರಿಗೆ ಗೊತ್ತು. ಆ ಗುರುತಿಗಿಂತ ಮೇಲಿರುವ ಜಾತ್ರೆಯ ಬಯಲು, ಶಾಲೆಯ ಮೈದಾನ, ಮಠದ ಆವರಣ, ಬೀಗರ ಹೊಲ, ಯಾವುದಾದರೊಂದನ್ನು ಮೇ ತಿಂಗಳಲ್ಲಿಯೇ ಗೊತ್ತುಮಾಡಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದಿರಬೇಕು. ನೆರಳು ಮತ್ತು ಕುಡಿಯುವ ನೀರು ಅಲ್ಲಿವೆಯೇ ಎಂಬುದನ್ನೂ ನೋಡಿರಬೇಕು.

ಎರಡು, ದಾರಿ. ಹಳ್ಳ ತುಂಬಿದರೆ ಮುಚ್ಚಿಹೋಗುವ ದಾರಿಯನ್ನು ನೆಚ್ಚಬಾರದು. ಟ್ರ್ಯಾಕ್ಟರ್‌ನಲ್ಲಿ ಸಾಗಿಸುವವರು ಟ್ರೇಲರ್ ಅನ್ನು ಒಂದು ದಿಬ್ಬಕ್ಕೆ ಹಿಂಬದಿಯಾಗಿ ನಿಲ್ಲಿಸಿದರೆ ದನಗಳು ಹೆದರದೆ ಹತ್ತುತ್ತವೆ. ಅಡಿಗೆ ಹುಲ್ಲು ಇಲ್ಲವೆ ಮಣ್ಣು ಹರಡಿದರೆ ಕಾಲು ಜಾರುವುದಿಲ್ಲ. ಬೇಸಿಗೆಯಲ್ಲಿಯೇ ಒಂದೆರಡು ಸಲ ಹತ್ತಿಸಿ ಇಳಿಸಿ ರೂಢಿ ಮಾಡಿಸಿದ್ದರೆ ರಾತ್ರಿಯ ಮಳೆಯಲ್ಲಿ ಹೆಣಗಾಡಬೇಕಾಗಿಲ್ಲ.

ಮೂರು, ಸರದಿ. ಗಬ್ಬದ ದನಗಳು, ಎಳೆಗರುಗಳು, ಕುರಿಗಳು ಮೊದಲು ಹೊರಡಬೇಕು. ಕುರಿಯ ಉಣ್ಣೆ ನೀರು ಹೀರಿ ಭಾರವಾಗುವುದರಿಂದ ಅದು ಹೆಚ್ಚು ಹೊತ್ತು ಈಜಲಾರದು. ತಾಯಿ ಮತ್ತು ಕರುವನ್ನು ಅಗಲಿಸದಿರುವುದು ಲೇಸು. ಮಂದೆಯಲ್ಲಿ ಹಿರಿಯದಾದ, ಸಾಧುವಾದ ಆಕಳನ್ನು ಮುಂದೆ ಬಿಟ್ಟರೆ ಉಳಿದವು ಹಿಂಬಾಲಿಸುತ್ತವೆ. ಕೋಳಿಗಳನ್ನು ಗಾಳಿಯಾಡುವ ಬುಟ್ಟಿಗಳಲ್ಲಿ ಒಯ್ಯಬಹುದು.

ನಾಲ್ಕು, ಜನ. ಯಾರ ಟ್ರ್ಯಾಕ್ಟರ್, ಯಾರು ಮುಂದೆ, ಯಾರು ಹಿಂದೆ, ವಿಧವೆಯರ ಹಾಗೂ ವೃದ್ಧರ ಮನೆಯ ದನಗಳಿಗೆ ಯಾರು ಹೊಣೆ ಎಂಬುದು ಓಣಿಯವರೆಲ್ಲ ಕುಳಿತು ಮಾತನಾಡಿ ನಿಶ್ಚಯಿಸಬೇಕಾದ ವಿಷಯ. ಜಿಲ್ಲಾ ತುರ್ತು ಸಹಾಯವಾಣಿ 1077 ಮತ್ತು ಪಶು ಚಿಕಿತ್ಸೆಯ ಸಹಾಯವಾಣಿ 1962, ಈ ಎರಡು ಸಂಖ್ಯೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡುವುದು ಉಚಿತ.

ಮೇವು, ನೀರು ಮತ್ತು ಉಳಿದ ಅನ್ನ

ಒಂದು ದೊಡ್ಡ ದನ ಬದುಕುಳಿಯಲು ದಿನಕ್ಕೆ 5ರಿಂದ 6 ಕಿಲೋ ಒಣಮೇವು ಬೇಕು. ಮೂರು ದನಗಳಿಗೆ ಹತ್ತು ದಿನಕ್ಕೆ ಸುಮಾರು 180 ಕಿಲೋ ಆಯಿತು. ಬಣವೆಯನ್ನೆಲ್ಲ ಹೊಳೆದಂಡೆಯ ಹೊಲದಲ್ಲಿಯೇ ಒಟ್ಟದೆ ಇಷ್ಟು ಕಣಿಕೆಯನ್ನಾದರೂ ಗೊತ್ತುಮಾಡಿದ ಎತ್ತರದ ಸ್ಥಳದಲ್ಲಿ, ತಾಡಪತ್ರಿಯ ಕೆಳಗೆ ಇರಿಸಿದರೆ ಪರರ ದಾರಿ ಕಾಯುವ ಪ್ರಸಂಗ ಬಾರದು. ಹಿಂಡುವ ಆಕಳಿಗೆ ದಿನಕ್ಕೆ 40ರಿಂದ 60 ಲೀಟರ್ ನೀರು ಬೇಕಾಗುತ್ತದೆ. ಸುತ್ತಲೂ ನೀರಿದ್ದರೂ ಕುಡಿಯಲು ಯೋಗ್ಯವಾದ ನೀರು ಸಿಗದಿರುವುದೇ ಪ್ರವಾಹದ ವೈಚಿತ್ರ್ಯ. ಸ್ವಚ್ಛವಾದ ಡ್ರಮ್ಮುಗಳನ್ನು ಮೊದಲೇ ತುಂಬಿಸಿಟ್ಟಿರಬೇಕು.

ಭಕ್ತರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಪರಿಹಾರ ಕೇಂದ್ರಗಳಲ್ಲಿ, ಜಾತ್ರೆ ಮತ್ತು ದಾಸೋಹಗಳಲ್ಲಿ ಉಳಿದ ಅನ್ನ, ಹುಗ್ಗಿ, ರೊಟ್ಟಿಗಳನ್ನು ‘ಪುಣ್ಯದ ಕೆಲಸ’ವೆಂದು ಹಸಿದ ದನಗಳ ಮುಂದೆ ರಾಶಿ ಸುರಿಯುವ ರೂಢಿಯಿದೆ. ಇದು ದನಕ್ಕೆ ವಿಷವಾಗಬಲ್ಲದು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿವೆ. ಅಲ್ಲಿಗೆ ಒಮ್ಮೆಲೆ ಹೇರಳವಾಗಿ ಅನ್ನವೋ ಕಾಳೋ ಬಿದ್ದರೆ ಅದು ಹುಳಿತು ಆಮ್ಲವಾಗಿ, ಮೆಲುಕು ನಿಂತು, ದನ ನೆಲ ಹಿಡಿಯುತ್ತದೆ. ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಆಯುರ್ವೇದವು ಅಗ್ನಿಬಲವನ್ನು ನೋಡಿ ಆಹಾರ ಕೊಡಬೇಕೆನ್ನುತ್ತದೆ. ಈ ನಿಯಮ ಪಶುವಿಗೂ ಸಲ್ಲುತ್ತದೆ. ಹಸಿದು ಬಂದ ದನಕ್ಕೆ ಮೊದಲು ನೀರು, ನಂತರ ಒಣಮೇವು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ದಾನ ಮಾಡುವವರು ಒಣಮೇವನ್ನೇ ದಾನ ಮಾಡಲಿ. ಅದನ್ನು ತಂದ ಪ್ಲಾಸ್ಟಿಕ್ ಚೀಲ, ದಾರಗಳನ್ನು ಅಲ್ಲಿಯೇ ಬಿಸಾಡದೆ ಹಿಂದಕ್ಕೆ ಒಯ್ಯಲಿ.

ಲಸಿಕೆ, ಕಿವಿಯೋಲೆ, ದಾಖಲೆ

ನೆನೆದ ನೆಲ, ಕೆಸರು, ಮೇವಿನ ಕೊರತೆ ಮತ್ತು ದಣಿವು ಒಂದುಗೂಡಿದಾಗ ಗಳಲೆ ರೋಗ, ಚಪ್ಪೆ ರೋಗಗಳು ತಲೆಯೆತ್ತುತ್ತವೆ. ಗಳಲೆ ರೋಗ ಎಮ್ಮೆಗಳಿಗೆ ಹೆಚ್ಚು ಮಾರಕ. ಗಂಟಲು ಬಾತು, ಜ್ವರವೇರಿ, ಉಸಿರುಗಟ್ಟಿ ಒಂದೆರಡು ದಿನಗಳಲ್ಲಿಯೇ ಪ್ರಾಣಿ ಸಾಯುತ್ತದೆ. ಇವುಗಳಿಗೆ ಲಸಿಕೆಯಿದೆ. ಲಸಿಕೆ ಹಾಕಿದ ದಿನವೇ ರಕ್ಷಣೆ ದೊರೆಯುವುದಿಲ್ಲ, ದೇಹದಲ್ಲಿ ಪ್ರತಿರೋಧ ಬೆಳೆಯಲು ಎರಡು ಮೂರು ವಾರಗಳು ಬೇಕು. ಆದ್ದರಿಂದ ಮಳೆಗಾಲಕ್ಕೆ ಮುನ್ನವೇ ಹಾಕಿಸಿರಬೇಕು. ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪಿಸಬಾರದು. ನಾವು ಆಯುರ್ವೇದವನ್ನೇ ಓದಿ ಅದರಲ್ಲಿಯೇ ಬಾಳಿದವರು. ಶಾಲಿಹೋತ್ರ, ಪಾಲಕಾಪ್ಯರಂಥವರು ಕುದುರೆ, ಆನೆಗಳ ಚಿಕಿತ್ಸೆಗೆ ಶಾಸ್ತ್ರವನ್ನೇ ರಚಿಸಿದ ಪರಂಪರೆ ನಮ್ಮದೆಂಬ ಅಭಿಮಾನವೂ ನಮಗಿದೆ. ಆದರೂ ಈ ಸಾಂಕ್ರಾಮಿಕ ರೋಗಗಳಿಗೆ ಬೇರು ನಾರುಗಳನ್ನು ನಂಬಿ ಲಸಿಕೆಯನ್ನು ಬಿಡಬಾರದೆಂದು ಸ್ಪಷ್ಟವಾಗಿ ಹೇಳುತ್ತೇವೆ.

ದನದ ಕಿವಿಗೆ ಹಾಕುವ 12 ಅಂಕಿಗಳ ಹಳದಿ ಓಲೆಯನ್ನು ಕೆಲವರು ಬೇಡವೆನ್ನುತ್ತಾರೆ. ಕಳೆದುಹೋದ ದನವನ್ನು ಗುರುತಿಸಲು, ಪರಿಹಾರ ಕೇಳಲು ಅದು ಆಧಾರ. ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಪ್ರತಿ ದನದ ಎರಡು ಬದಿಯ ಚಿತ್ರವನ್ನು, ಮನೆಯ ಒಬ್ಬರು ಪಕ್ಕದಲ್ಲಿ ನಿಂತಿರುವಂತೆ, ಮೊಬೈಲ್‌ನಲ್ಲಿ ತೆಗೆದು ಬೇರೆ ಊರಿನ ಸಂಬಂಧಿಕರಿಗೂ ಕಳುಹಿಸಿರಬೇಕು. ಪ್ರಕೃತಿ ವಿಕೋಪದ ನೆರವಿಗೆ ಕೇಂದ್ರ ಸರ್ಕಾರವು 2022ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಹಾಲು ಕೊಡುವ ಆಕಳು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000 ರೂಪಾಯಿಗಳೆಂದು ನಿಗದಿಯಾಗಿತ್ತು. ಪ್ರಾಣಿ ಸತ್ತಾಗ ಪಶುವೈದ್ಯಾಧಿಕಾರಿಗಳ ದೃಢೀಕರಣವಿಲ್ಲದೆ ಈ ನೆರವು ದೊರೆಯುವುದು ಕಷ್ಟ.

ನಾಯಿ, ಬೆಕ್ಕುಗಳು

ಹೊಲ ಕಾಯುವ ನಾಯಿಯನ್ನು ಸರಪಳಿಯಲ್ಲಿಯೇ ಬಿಟ್ಟು ಹೋಗುವುದು ಅದನ್ನು ಕೊಂದಂತೆ. ಅದರ ಕೊರಳಪಟ್ಟಿಯ ಮೇಲೆ ದೂರವಾಣಿ ಸಂಖ್ಯೆ ಬರೆದಿರಬೇಕು, ಹುಚ್ಚುನಾಯಿ ರೋಗದ ಲಸಿಕೆ ಪ್ರತಿವರ್ಷ ಹಾಕಿಸಿರಬೇಕು. ಲಸಿಕೆಯ ಚೀಟಿ ತೋರಿಸಿದರೆ ಪರಿಹಾರ ಕೇಂದ್ರದಲ್ಲಿ ಇತರರ ಆಕ್ಷೇಪವೂ ಕಡಿಮೆಯಾಗುತ್ತದೆ. ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿ ಒಯ್ಯಬೇಕು, ಬೆದರಿದ ಬೆಕ್ಕು ತೋಳಿನಲ್ಲಿ ನಿಲ್ಲದು. ವಿಪತ್ತಿನ ವೇಳೆ ಸಾಧು ನಾಯಿಯೂ ಕಚ್ಚುವುದುಂಟು. ಕಚ್ಚಿದ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಳ್ಳಬೇಕು. ಗಾಯಕ್ಕೆ ಖಾರ, ಸುಣ್ಣ, ಸೊಪ್ಪುಗಳನ್ನು ಹಚ್ಚಿ ಕಾಲ ಕಳೆಯಬಾರದು. ರೋಗ ಕಾಣಿಸಿಕೊಂಡ ಮೇಲೆ ಯಾವ ಪದ್ಧತಿಯ ವೈದ್ಯರ ಬಳಿಯೂ ಅದಕ್ಕೆ ಮದ್ದಿಲ್ಲ.

ನೀರು ಇಳಿದ ಮೇಲೆ

ಪ್ರವಾಹದಿಂದ ಪಾರಾದ ದನಗಳನ್ನು ಮರಳಿ ಬಂದ ವಾರದಲ್ಲಿ ಕಳೆದುಕೊಳ್ಳುವುದು ಬಹಳ ದುಃಖದ ಸಂಗತಿ. ಕೊಟ್ಟಿಗೆಯ ಕೆಸರು ತೆಗೆದು, ತೊಳೆದು, ಸುಣ್ಣ ಚೆಲ್ಲಿ, ಒಣಗಿದ ನಂತರವೇ ಕಟ್ಟಬೇಕು. ನೆನೆದು ಬೂಷ್ಟು ಹಿಡಿದ ಹೊಟ್ಟು, ಹಿಂಡಿಗಳನ್ನು ಎಷ್ಟೇ ಬೆಲೆಬಾಳಿದರೂ ಹಾಕಬಾರದು. ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿನಲ್ಲಿಯೂ ಇಳಿಯುತ್ತದೆ. ಯೂರಿಯಾ ಚೀಲ ಕರಗಿದ ನೀರನ್ನು ಕುಡಿದ ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಗೊಬ್ಬರ, ಕೀಟನಾಶಕಗಳನ್ನು ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಇಡಲೇಬಾರದು. ಚಿಕ್ಕ ಗಾಯಗಳನ್ನು ಉಪ್ಪುನೀರಿನಿಂದ ತೊಳೆದು ಅರಿಸಿನ ಹಾಗೂ ಬೇವಿನೆಣ್ಣೆ ಹಚ್ಚಿದರೆ ನೊಣಗಳು ಕೂರುವುದಿಲ್ಲ. ಆಳವಾದ ಗಾಯ, ಹೊಟ್ಟೆಯುಬ್ಬರ, ಗಂಟಲು ಬಾವುಗಳಿಗೆ ಪಶುವೈದ್ಯರನ್ನೇ ಕರೆಸಬೇಕು. ಬಾಯಿ ಹಿಡಿದು ಗೊಟ್ಟದಿಂದ ಬಲವಂತವಾಗಿ ಸುರಿದ ಔಷಧ ಶ್ವಾಸಕೋಶಕ್ಕೆ ಇಳಿದು ಸಾಯುವ ದನಗಳೂ ಉಂಟು.

ಸತ್ತ ಪ್ರಾಣಿಗಳನ್ನು ಹೊಳೆಗೆ ನೂಕದೆ, ಬಾವಿ ಕೆರೆಗಳಿಂದ ದೂರದಲ್ಲಿ ಆರು ಅಡಿಗಿಂತ ಆಳವಾಗಿ ಸುಣ್ಣ ಹಾಕಿ ಹೂಳಬೇಕು. ಹಠಾತ್ತಾಗಿ ಸತ್ತ ದನದ ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವಾಗಿರಬಹುದು. ಅದರ ಚರ್ಮ ಸುಲಿಯಬಾರದು, ಕೊಯ್ಯಬಾರದು, ಬರಿಗೈಯಿಂದ ಮುಟ್ಟಬಾರದು. ಮನುಷ್ಯರಿಗೂ ಅದು ಹರಡುತ್ತದೆ.

ಕೆಸರಿನಲ್ಲಿ ಬರಿಗಾಲಿನಿಂದ ದುಡಿಯುವವರಿಗೆ ಇಲಿಜ್ವರದ ಭಯವಿದೆ. ಇಲಿ ಮತ್ತು ದನಗಳ ಮೂತ್ರದಿಂದ ಕೆಟ್ಟ ನೀರು ಕಾಲಿನ ಬಿರುಕುಗಳ ಮೂಲಕ ರೋಗವನ್ನು ಒಳಗೆ ಬಿಡುತ್ತದೆ. ಜ್ವರ, ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು, ಹಳದಿಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಂಬೂಟು ತೊಟ್ಟು ಕೆಲಸ ಮಾಡುವುದು, ಹಾಲನ್ನು ಕಾಯಿಸಿಯೇ ಕುಡಿಯುವುದು ಕಡ್ಡಾಯ.

ಸಿಡಿಲಿನ ಬಗ್ಗೆ ಒಂದು ಮಾತು

ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಒಂಟಿ ಮರದ ಕೆಳಗೆ ನಿಂತ ಕುರಿ ದನಗಳು ಒಟ್ಟಿಗೆ ಸಾಯುವುದನ್ನು ಕೇಳುತ್ತೇವೆ. ಮರಕ್ಕೆ ಬಡಿದ ಸಿಡಿಲಿನ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ಮುಂಗಾಲು, ಹಿಂಗಾಲುಗಳ ನಡುವಿನ ಅಂತರ ಹೆಚ್ಚಾಗಿರುವುದರಿಂದ ಅದು ಪ್ರಾಣಿಯ ಎದೆಯ ಮೂಲಕ ಹಾಯುತ್ತದೆ. ಗುಡುಗು ಕೇಳಿದೊಡನೆ ಮರ, ತಂತಿಬೇಲಿಗಳಿಂದ ದನಗಳನ್ನು ದೂರ ಹೊಡೆದುಕೊಂಡು ಹೋಗಬೇಕು.

ಕಾರಹುಣ್ಣಿಮೆಯ ದಿನ

ಇಷ್ಟೆಲ್ಲವನ್ನು ಯಾವಾಗ ಮಾಡುವುದು? ನಮ್ಮ ಹಿರಿಯರು ಅದಕ್ಕೊಂದು ದಿನವನ್ನು ಇಟ್ಟುಹೋಗಿದ್ದಾರೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆ ಮುಂಗಾರಿನ ಬಾಗಿಲಲ್ಲಿ ಬರುತ್ತದೆ. ಹೊಳೆ ಏರುವ ಕಾಲಕ್ಕೆ ಇನ್ನೂ ಕೆಲವು ವಾರಗಳಿರುತ್ತವೆ. ಅಂದು ಎತ್ತುಗಳ ಮೈ ತೊಳೆಯುತ್ತೇವೆ, ಕೊಂಬಿಗೆ ಬಣ್ಣ ಹಚ್ಚುತ್ತೇವೆ, ಹೊಸ ಹಗ್ಗ ಹಾಕುತ್ತೇವೆ. ಮೈ ತೊಳೆಯುವಾಗ ಗಾಯ, ಗಂಟು, ಉಣ್ಣೆಗಳನ್ನು ನೋಡೋಣ. ಬಣ್ಣ ಹಚ್ಚುವಾಗ ಕೊಂಬಿನ ಮೇಲೆ ಮನೆಯ ಗುರುತನ್ನೂ ಬರೆಯೋಣ. ಹೊಸ ಹಗ್ಗ ಕಟ್ಟುವಾಗ ಜೀರುಗುಣಿಕೆ ಹಾಕಿ, ಮಕ್ಕಳ ಕೈಯಿಂದ ಬಿಚ್ಚಿಸಿ ನೋಡೋಣ. ಕೊರಳಿಗೆ ಕಟ್ಟಿದ ಗಂಟೆಯನ್ನು ಮಳೆಗಾಲ ಮುಗಿಯುವವರೆಗೆ ತೆಗೆಯದಿರೋಣ. ಕತ್ತಲೆಯಲ್ಲಿ ದನ ಎಲ್ಲಿದೆಯೆಂದು ಅದೇ ಹೇಳುತ್ತದೆ. ಸಂಜೆ ಊರವರು ಕೂಡಿದಾಗ ಸ್ಥಳ, ದಾರಿ, ಸರದಿ, ಜನ ಎಂಬ ನಾಲ್ಕನ್ನೂ ಇತ್ಯರ್ಥ ಮಾಡೋಣ. ವರ್ಷವಿಡೀ ನಮಗಾಗಿ ದುಡಿಯುವ ಎತ್ತಿಗೆ ಆ ದಿನ ಹೋಳಿಗೆ ಉಣಿಸಿದಷ್ಟೇ ಶ್ರದ್ಧೆಯಿಂದ ಈ ಕೆಲಸವನ್ನೂ ಮಾಡಿದರೆ, ಹೊಳೆ ಏರುವ ರಾತ್ರಿ ಮನೆಯವರೂ ದನಗಳೂ ಒಟ್ಟಿಗೆ ಎತ್ತರದ ನೆಲವನ್ನು ಸೇರಿರುತ್ತವೆ.